ಸಿಂಹಾಸನವೇರದೆ ಫ್ರಾನ್ಸ್ ಆಳಿದವರು

1316ರ ನವೆಂಬರ್ ತಿಂಗಳಲ್ಲಿ ಇಡೀ ಫ್ರಾನ್ಸ್ ಒಂದು ಹೆರಿಗೆಗಾಗಿ ಕಾದು ಕೂತಿತ್ತು. ದೊರೆ ಹತ್ತನೇ ಲೂಯಿ ಜೂನ್‌ನಲ್ಲೇ ತೀರಿಕೊಂಡಿದ್ದ. ಅವನ ಎರಡನೇ ಹೆಂಡತಿ, ಹಂಗೆರಿ ರಾಜವಂಶದ ಕ್ಲೆಮೆನ್ಸ್, ತುಂಬು ಗರ್ಭಿಣಿ. ಹುಟ್ಟುವುದು ಗಂಡಾದರೆ ತೊಟ್ಟಿಲಲ್ಲೇ ದೊರೆ. ಹೆಣ್ಣಾದರೆ? ಆ ಪ್ರಶ್ನೆ ಫ್ರಾನ್ಸ್‌ಗೆ ಅಲ್ಲಿಯತನಕ ಎದುರಾಗಿಯೇ ಇರಲಿಲ್ಲ. 987ರಲ್ಲಿ ಹ್ಯೂ ಕಪೆ ಪಟ್ಟವೇರಿದಂದಿನಿಂದ ಮುನ್ನೂರು ವರ್ಷಕ್ಕೂ ಮೇಲೆ ಪ್ರತಿ ದೊರೆಗೂ ಒಬ್ಬ ಮಗ ಉಳಿದುಕೊಂಡೇ ಬಂದಿದ್ದ.

ನವೆಂಬರ್ 15ರಂದು ಹುಟ್ಟಿದ್ದು ಗಂಡುಮಗು. ಜಾನ್ ಎಂದು ಹೆಸರಿಟ್ಟರು. ಐದು ದಿನ ಬದುಕಿತು.

ಹತ್ತನೇ ಲೂಯಿಗೆ ಮೊದಲ ಹೆಂಡತಿಯಿಂದ ನಾಲ್ಕು ವರ್ಷದ ಮಗಳೊಬ್ಬಳಿದ್ದಳು, ಜೀನ್. ಆ ಮಗುವಿನ ತಾಯಿ ವ್ಯಭಿಚಾರದ ಆರೋಪ ಹೊತ್ತು ಶಾತೊ ಗಯ್ಯಾರ್ ಕೋಟೆಯ ಸೆರೆಯಲ್ಲಿ ಸತ್ತಿದ್ದಳು. ಚಿಕ್ಕಪ್ಪ ಫಿಲಿಪ್ ಹೊತ್ತು ಕಳೆಯಲಿಲ್ಲ. 1317ರ ಜನವರಿಯಲ್ಲಿ ರೀಮ್ಸ್‌ಗೆ ಹೋಗಿ ಪಟ್ಟಾಭಿಷೇಕ ಮಾಡಿಸಿಕೊಂಡ. ಮುಂದಿನ ತಿಂಗಳೇ ಪ್ಯಾರಿಸ್‌ನಲ್ಲಿ ಸೇರಿದ ಗಣ್ಯರ ಸಭೆ, ಫ್ರಾನ್ಸಿನ ಸಿಂಹಾಸನಕ್ಕೆ ಹೆಣ್ಣು ಬಾಧ್ಯಳಲ್ಲ ಎಂದು ತೀರ್ಮಾನ ಕೊಟ್ಟಿತು. 1328ರಲ್ಲಿ ಇದೇ ಕಥೆ ಮತ್ತೆ ನಡೆಯಿತು. ಗರ್ಭಿಣಿ ಹೆಂಡತಿಯನ್ನು ಬಿಟ್ಟು ನಾಲ್ಕನೇ ಚಾರ್ಲ್ಸ್ ಸತ್ತ, ಹುಟ್ಟಿದ್ದು ಹೆಣ್ಣಾಯಿತು, ಪಟ್ಟ ದಾಯಾದಿ ಮನೆತನವಾದ ವಾಲ್ವಾ ವಂಶಕ್ಕೆ ಹೋಯಿತು. ಸತ್ತ ದೊರೆಯ ತಂಗಿ ಇಸಬೆಲ್ಲಾಳ ಮಗ ಇಂಗ್ಲೆಂಡಿನ ಮೂರನೇ ಎಡ್ವರ್ಡ್, ತಾಯಿಯ ಕಡೆಯಿಂದ ಈ ಸಿಂಹಾಸನ ತನಗೆ ಸಲ್ಲಬೇಕು ಎಂದು ಹಕ್ಕು ಮಂಡಿಸಿದ. ಶತವರ್ಷ ಯುದ್ಧಕ್ಕೆ ಇದೂ ಒಂದು ಕಾರಣ. ಸೇಲಿಕ್ ಕಾನೂನು ಎಂಬ ಹಳೆಯ ಫ್ರಾಂಕ್ ಕಟ್ಟಳೆಯನ್ನು ನ್ಯಾಯಶಾಸ್ತ್ರಿಗಳು ಹುಡುಕಿ ತೆಗೆದು ಈ ತೀರ್ಮಾನಕ್ಕೆ ಆಧಾರವಾಗಿ ನಿಲ್ಲಿಸಿದ್ದು ಆಮೇಲೆ.

ಹೀಗೆ ಬಾಗಿಲು ಮುಚ್ಚಿತು. ಇಂಗ್ಲೆಂಡಿಗೆ ಎಲಿಜಬೆತ್, ರಷ್ಯಾಕ್ಕೆ ಕ್ಯಾಥರೀನ್, ಸ್ಪೇನಿಗೆ ಇಸಬೆಲ್ಲಾ ಇದ್ದಂತೆ ಫ್ರಾನ್ಸಿಗೆ ಸ್ವಂತ ಹಕ್ಕಿನಿಂದ ಆಳಿದ ರಾಣಿ ಒಬ್ಬಳೂ ಇಲ್ಲ. ಇದ್ದವರೆಲ್ಲ ದೊರೆಗಳ ಹೆಂಡಂದಿರು, ಹೆಚ್ಚಿನವರು ಹೊರನಾಡಿನಿಂದ ಒಪ್ಪಂದದ ಭಾಗವಾಗಿ ಬಂದವರು. ಆದರೂ ಫ್ರಾನ್ಸಿನ ಚರಿತ್ರೆಯನ್ನು ಓದುತ್ತಾ ಹೋದರೆ ಅತ್ಯಂತ ಇಕ್ಕಟ್ಟಿನ ಗಳಿಗೆಗಳಲ್ಲಿ ರಾಜ್ಯದ ಲಗಾಮು ಹಿಡಿದು ನಿಂತವರು ಇವರೇ. ಎಳೆಯ ದೊರೆಯ ಪರವಾಗಿ ಆಳುವ ರೀಜೆಂಟ್ ಸ್ಥಾನ ಮತ್ತೆ ಮತ್ತೆ ತಾಯಿಗೇ ಸಂದಿತು. ಅದಕ್ಕೆ ಗಟ್ಟಿಯಾದ ಕಾರಣವಿತ್ತು. ಎಳೆಯ ದೊರೆಯ ಚಿಕ್ಕಪ್ಪನಿಗೂ ಸಿಂಹಾಸನಕ್ಕೂ ನಡುವೆ ಇರುವುದು ಆ ಮಗು ಮಾತ್ರ. ತಾಯಿಗೆ ಆ ಆಸೆಯೇ ಸಾಧ್ಯವಿಲ್ಲ. ಕಾನೂನೇ ಅವಳನ್ನು ಪಟ್ಟದಿಂದ ಹೊರಗಿಟ್ಟಿದೆ. ಅವಳ ಮಾನ, ಪ್ರಾಣ, ಅನ್ನ ಎಲ್ಲವೂ ಮಗ ಬದುಕಿರುವುದರ ಮೇಲೆ ನಿಂತಿದೆ. ಹಾಗಾಗಿ ಅವಳಷ್ಟು ನಂಬಿಕೆಯ ಕಾವಲುಗಾರ ಬೇರೆ ಯಾರೂ ಇಲ್ಲ. ಹೆಣ್ಣನ್ನು ಸಿಂಹಾಸನದಿಂದ ದೂರವಿಟ್ಟ ಕಾನೂನೇ ಅವಳ ಕೈಗೆ ಆಳ್ವಿಕೆ ಕೊಡುವುದಕ್ಕೂ ನೆರವಾಯಿತು. ಫ್ರಾನ್ಸಿನ ರಾಣಿಯರ ಕಥೆಯನ್ನು ನಾನು ಓದುವುದು ಈ ಎಳೆ ಹಿಡಿದು. ಒಡವೆ, ಉಡುಗೆ, ಪ್ರಣಯಗಳ ಕಥೆಗಳು ಬೇಕಾದಷ್ಟಿವೆ. ಅವುಗಳ ಅಡಿಯಲ್ಲಿ ಈ ಹೆಂಗಸರು ಮಾಡಿದ ಕೆಲಸ ಹೂತುಹೋಗಿದೆ.

ಅಜ್ಜಿ ಆರಿಸಿ ತಂದ ಹುಡುಗಿ

ಈ ದಾರಿ ಹಾಕಿಕೊಟ್ಟವಳು ಸೇಲಿಕ್ ಕಾನೂನಿನ ಮಾತು ಹುಟ್ಟುವ ಮೊದಲೇ ಇದ್ದ ಬ್ಲಾಂಶ್. ಅವಳನ್ನು ಫ್ರಾನ್ಸಿಗೆ ತಂದದ್ದು ಅವಳ ಅಜ್ಜಿ, ಆಕ್ವಿಟೇನ್‌ನ ಎಲಿನಾರ್. ಎಲಿನಾರ್ ತಾನೇ ಒಂದು ಕಾಲಕ್ಕೆ ಫ್ರಾನ್ಸಿನ ರಾಣಿಯಾಗಿದ್ದವಳು. 1137ರಲ್ಲಿ ಏಳನೇ ಲೂಯಿಯ ಕೈಹಿಡಿದು, ಹದಿನೈದು ವರ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಗಂಡುಮಗುವಿಲ್ಲದೆ, 1152ರ ಮಾರ್ಚ್‌ನಲ್ಲಿ ಆ ಮದುವೆ ರದ್ದಾಯಿತು. ಎರಡೇ ತಿಂಗಳಲ್ಲಿ ಆಕೆ ಹೆನ್ರಿ ಪ್ಲಾಂಟಾಜೆನೆಟ್‌ನನ್ನು ಮದುವೆಯಾದಳು. ಮುಂದೆ ಅವನು ಇಂಗ್ಲೆಂಡಿನ ದೊರೆಯಾದ. ಅವರಿಗೆ ಐವರು ಗಂಡುಮಕ್ಕಳು ಹುಟ್ಟಿದರು. ಆಕ್ವಿಟೇನ್ ಎಂಬ ವಿಶಾಲ ನಾಡು ಅವಳ ಜೊತೆಗೇ ಇಂಗ್ಲೆಂಡಿನ ಕಡೆಗೆ ಹೋಯಿತು. ಒಬ್ಬ ಹೆಂಡತಿಯನ್ನು ಬಿಟ್ಟ ತಪ್ಪಿಗೆ ಫ್ರಾನ್ಸ್ ತಲೆಮಾರುಗಳ ಕಾಲ ಬೆಲೆ ತೆತ್ತಿತು.

1200ರಲ್ಲಿ ಎಪ್ಪತ್ತು ದಾಟಿದ ಎಲಿನಾರ್ ಪಿರನೀಸ್ ಪರ್ವತಗಳನ್ನು ದಾಟಿ ಸ್ಪೇನಿನ ಕಾಸ್ಟೀಲ್ ರಾಜ್ಯಕ್ಕೆ ಹೋದಳು. ಅಲ್ಲಿದ್ದ ತನ್ನ ಮಗಳ ಮಕ್ಕಳಲ್ಲಿ ಒಬ್ಬಳನ್ನು ಫ್ರಾನ್ಸಿನ ಯುವರಾಜನಿಗೆ ತರುವುದು ಅವಳ ಕೆಲಸ. ಹನ್ನೆರಡು ವರ್ಷದ ಬ್ಲಾಂಶ್‌ಳನ್ನು ಕರೆತಂದಳು. ಆ ಹುಡುಗಿ ಹತ್ತಕ್ಕೂ ಮೇಲ್ಪಟ್ಟು ಮಕ್ಕಳನ್ನು ಹೆತ್ತಳು, ಹಲವನ್ನು ಮಣ್ಣು ಮಾಡಿದಳು. ಗಂಡ ಎಂಟನೇ ಲೂಯಿ 1226ರ ನವೆಂಬರ್‌ನಲ್ಲಿ ಸತ್ತಾಗ ಮಗ ಒಂಬತ್ತನೇ ಲೂಯಿಗೆ ಹನ್ನೆರಡು ವರ್ಷ. ಅದೇ ತಿಂಗಳು ಮುಗಿಯುವುದರೊಳಗೆ ಬ್ಲಾಂಶ್ ಅವನಿಗೆ ರೀಮ್ಸ್‌ನಲ್ಲಿ ಪಟ್ಟ ಕಟ್ಟಿಸಿದ್ದಳು.

ದೊಡ್ಡ ದೊಡ್ಡ ಪಾಳೆಯಗಾರರಿಗೆ ಇದನ್ನು ಸಹಿಸಲಾಗಲಿಲ್ಲ. ಸ್ಪೇನಿನಿಂದ ಬಂದ ವಿಧವೆಯೊಬ್ಬಳು ತಮ್ಮನ್ನು ಆಳುವುದೇ ಎಂದು ಎದ್ದರು. ಎಳೆಯ ದೊರೆಯನ್ನು ಹಿಡಿದುಕೊಂಡು ಹೋಗುವ ಸಂಚೂ ನಡೆಯಿತು. ಪ್ಯಾರಿಸ್ಸಿನ ಜನ ಶಸ್ತ್ರ ಹಿಡಿದು ಹೊರಬಂದು ಅವನನ್ನು ಕಾಪಾಡಿ ಊರಿಗೆ ಕರೆತಂದರು. ಬ್ಲಾಂಶ್ ಕೆಲವರನ್ನು ಮಾತಿನಿಂದ ಒಡೆದಳು, ಕೆಲವರ ಮೇಲೆ ಚಳಿಗಾಲದಲ್ಲೇ ದಂಡು ತೆಗೆದುಕೊಂಡು ಹೋದಳು. 1229ರ ಪ್ಯಾರಿಸ್ ಒಪ್ಪಂದದಿಂದ ತೂಲೂಸ್‌ನ ಕೌಂಟ್ ಮಣಿದು, ಮೆಡಿಟರೇನಿಯನ್ ಕಡಲ ದಂಡೆಯವರೆಗಿನ ತೆಂಕಣ ಸೀಮೆ ಅರಸೊತ್ತಿಗೆಯ ಕೈಗೆ ಬರುವ ದಾರಿ ತೆರೆಯಿತು. ಮುಂದೆ ಮಗ ಧರ್ಮಯುದ್ಧಕ್ಕೆ ಹೊರಟಾಗ 1248ರಲ್ಲಿ ಮತ್ತೆ ರಾಜ್ಯಭಾರ ಅವಳ ಹೆಗಲಿಗೆ ಬಿತ್ತು, 1252ರಲ್ಲಿ ಸಾಯುವವರೆಗೆ. ಓರ್ಲಿಯ ರೈತರು ತೆರಿಗೆ ಕಟ್ಟಲಿಲ್ಲವೆಂದು ನಾತ್ರ್ ದಾಮ್ ಚರ್ಚಿನ ಅಧಿಕಾರಿಗಳು ಅವರನ್ನು ಗಾಳಿ ಬೆಳಕಿಲ್ಲದ ಸೆರೆಯಲ್ಲಿ ಕೂಡಿದ್ದರು. ರಾಣಿ ಸ್ವತಃ ಹೋಗಿ ಆ ಸೆರೆಮನೆಯ ಬಾಗಿಲಿಗೆ ಮೊದಲ ಪೆಟ್ಟು ಹಾಕಿ ಒಡೆಸಿದಳು ಎಂದು ಆ ಕಾಲದ ಇತಿವೃತ್ತಗಳು ಹೇಳುತ್ತವೆ. ಅವಳು ಹೋದಾಗ ಅರವತ್ತು ದಾಟಿದವಳು.

ಇಷ್ಟು ದೊಡ್ಡ ಹೆಂಗಸು ಸೊಸೆಗೆ ಮಾತ್ರ ಕಠಿಣ ಅತ್ತೆ. ಒಂಬತ್ತನೇ ಲೂಯಿಯ ಗೆಳೆಯ ಜ್ವಾಂವೀಲ್ ಬರೆದಿಟ್ಟಿರುವ ನೆನಪುಗಳು ಇದನ್ನು ಬಿಚ್ಚಿಡುತ್ತವೆ. ಹಗಲು ಹೊತ್ತು ಮಗ ಸೊಸೆ ಜೊತೆಗಿರುವುದು ಬ್ಲಾಂಶ್‌ಗೆ ಹಿಡಿಸುತ್ತಿರಲಿಲ್ಲ. ಪೊಂತ್ವಾಸ್ ಅರಮನೆಯಲ್ಲಿ ದೊರೆಯ ಕೋಣೆ ಮೇಲೆ, ರಾಣಿ ಮಾರ್ಗರೆಟ್‌ಳ ಕೋಣೆ ಕೆಳಗೆ. ನಡುವಿನ ಸುರುಳಿ ಮೆಟ್ಟಿಲ ಮೇಲೆ ಗಂಡ ಹೆಂಡತಿ ಕದ್ದು ಕೂತು ಮಾತಾಡುತ್ತಿದ್ದರು. ಅತ್ತೆ ಬರುವ ಸುಳಿವು ಸಿಕ್ಕರೆ ಬಾಗಿಲು ಕಾಯುವವರು ಕೋಲಿನಿಂದ ಕದ ಬಡಿಯುತ್ತಿದ್ದರು, ಇಬ್ಬರೂ ತಂತಮ್ಮ ಕೋಣೆಗೆ ಓಡುತ್ತಿದ್ದರು.

ಆ ಮಾರ್ಗರೆಟ್ ಮುಂದೆ ಮಾಡಿದ್ದನ್ನು ಓದುವಾಗ ನನಗೆ ಮೈ ನವಿರೇಳುತ್ತದೆ. 1250ರಲ್ಲಿ ಈಜಿಪ್ಟಿನಲ್ಲಿ ದೊರೆ ಸೆರೆ ಸಿಕ್ಕ. ರಾಣಿ ದಾಮಿಯೆಟ್ಟಾ ಪಟ್ಟಣದಲ್ಲಿ ತುಂಬು ಗರ್ಭಿಣಿ. ಹೆರಿಗೆಗೆ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ, ಎಂಬತ್ತು ವರ್ಷದ ಮುದಿ ಯೋಧನೊಬ್ಬನನ್ನು ಮಾತ್ರ ಒಳಗಿಟ್ಟುಕೊಂಡಳು. ಪಟ್ಟಣ ಶತ್ರುಗಳ ಕೈಗೆ ಹೋದರೆ ನನ್ನನ್ನು ಹಿಡಿಯುವ ಮೊದಲು ನೀನೇ ನನ್ನ ತಲೆ ಕಡಿಯಬೇಕು ಎಂದು ಅವನಿಂದ ಭಾಷೆ ತೆಗೆದುಕೊಂಡಳು. ತಾನೂ ಅದನ್ನೇ ಯೋಚಿಸಿದ್ದೆ ಎಂದನಂತೆ ಆ ಮುದುಕ. ಮಗು ಹುಟ್ಟಿದ ದಿನವೇ ಸುದ್ದಿ ಬಂತು: ಪೀಸಾ ಮತ್ತು ಜಿನೋವಾದ ನಾವಿಕರು ಪಟ್ಟಣ ಬಿಟ್ಟು ಹೊರಟಿದ್ದಾರೆ. ಅವರು ಹೋದರೆ ದೊರೆಯನ್ನು ಬಿಡಿಸಿಕೊಳ್ಳಲು ಒತ್ತೆಗೆ ಇಡುವುದಕ್ಕೆ ದಾಮಿಯೆಟ್ಟಾವೇ ಉಳಿಯುವುದಿಲ್ಲ. ಬಾಣಂತಿ ರಾಣಿ ಅವರನ್ನು ಮಂಚದ ಬಳಿಗೆ ಕರೆಸಿದಳು. ಹಸಿವಿನಿಂದ ಸಾಯುತ್ತಿದ್ದೇವೆ ಎಂದರು ಅವರು. ಪಟ್ಟಣದಲ್ಲಿದ್ದ ಆಹಾರವನ್ನೆಲ್ಲ ರಾಣಿ ದೊರೆಯ ಖರ್ಚಿನಲ್ಲಿ ಕೊಂಡು ಅವರಿಗೆ ಹಂಚಿಸಿದಳು. ನಾವಿಕರು ಉಳಿದರು, ಆ ಪಟ್ಟಣವನ್ನು ಬಿಟ್ಟುಕೊಟ್ಟು, ಭಾರಿ ಒತ್ತೆಹಣವನ್ನೂ ಕೊಟ್ಟು ದೊರೆಯನ್ನು ಬಿಡಿಸಿಕೊಂಡರು. ಒಂಬತ್ತನೇ ಲೂಯಿ ಸಂತನೆಂದು ಪೂಜೆಗೊಂಡ. ಹೆತ್ತ ಮಂಚದಲ್ಲಿ ಮಲಗಿಕೊಂಡೇ ಅವನ ಬಿಡುಗಡೆಗೆ ದಾರಿ ಉಳಿಸಿಟ್ಟವಳ ಹೆಸರು ಎಷ್ಟು ಜನರಿಗೆ ಗೊತ್ತು?

ಎಲ್ಲರಿಗೂ ಇಂಥ ಅವಕಾಶವೂ ಸಿಗಲಿಲ್ಲ. ಡೆನ್ಮಾರ್ಕಿನ ಇಂಗೆಬೋರ್ಗ್ 1193ರ ಆಗಸ್ಟ್‌ನಲ್ಲಿ ಎರಡನೇ ಫಿಲಿಪ್‌ನನ್ನು ಮದುವೆಯಾದಳು. ಮಾರನೆಯ ದಿನವೇ ದೊರೆ ಅವಳನ್ನು ಬೇಡವೆಂದ. ಕಾರಣ ಇಂದಿಗೂ ಒಗಟು. ಹದಿನೆಂಟರ ಆಸುಪಾಸಿನ ಆ ಹುಡುಗಿ ಪೋಪ್‌ಗೆ ದೂರು ಕೊಟ್ಟಳು, ಕೋಟೆಗಳಲ್ಲೂ ಮಠಗಳಲ್ಲೂ ಕೈದಿಯಂತೆ ಇರಿಸಿದರೂ ತಾನೇ ರಾಣಿ ಎಂಬ ಮಾತು ಬಿಡಲಿಲ್ಲ. 1200ರಲ್ಲಿ ಪೋಪ್ ಇಡೀ ಫ್ರಾನ್ಸಿನ ಮೇಲೆ ಧಾರ್ಮಿಕ ಬಹಿಷ್ಕಾರ ಹೇರಿದರೂ ದೊರೆ ಪೂರ್ತಿ ಬಗ್ಗಲಿಲ್ಲ. ಅವಳಿಗೆ ರಾಣಿಯ ಸ್ಥಾನ ಮರಳಿ ಸಿಕ್ಕಿದ್ದು 1213ರಲ್ಲಿ, ಇಪ್ಪತ್ತು ವರ್ಷಗಳ ಮೇಲೆ.

ಒಂದು ನಾಡು, ಎರಡು ತಾಳಿ

ಬ್ರಿಟನಿಯ ಆ್ಯನ್ ಹನ್ನೊಂದನೇ ವಯಸ್ಸಿಗೆ, 1488ರಲ್ಲಿ, ಆ ಸ್ವತಂತ್ರ ಸೀಮೆಯ ಒಡತಿಯಾದಳು. ಫ್ರಾನ್ಸಿನ ಸೇನೆ ಮುತ್ತಿಗೆ ಹಾಕಿ, 1491ರ ಡಿಸೆಂಬರ್‌ನಲ್ಲಿ ಎಂಟನೇ ಚಾರ್ಲ್ಸ್‌ನೊಂದಿಗೆ ಅವಳ ಮದುವೆ ನಡೆಯಿತು. ಕರಾರಿನಲ್ಲಿ ಒಂದು ಷರತ್ತು: ಗಂಡುಮಗನಿಲ್ಲದೆ ದೊರೆ ಸತ್ತರೆ ಅವಳು ಅವನ ನಂತರ ಬರುವ ದೊರೆಯನ್ನೇ ಮದುವೆಯಾಗಬೇಕು. ಬ್ರಿಟನಿ ಕೈಬಿಟ್ಟು ಹೋಗಬಾರದು, ಅಷ್ಟೆ. 1498ರಲ್ಲಿ ಆಂಬ್ವಾಸ್ ಕೋಟೆಯಲ್ಲಿ ಚಾರ್ಲ್ಸ್ ತಗ್ಗಾದ ಬಾಗಿಲ ಮೇಲ್ಪಟ್ಟಿಗೆ ತಲೆ ಬಡಿದುಕೊಂಡು ಸತ್ತ. ಮಕ್ಕಳ್ಯಾರೂ ಉಳಿದಿರಲಿಲ್ಲ. ಷರತ್ತಿನಂತೆ ಹನ್ನೆರಡನೇ ಲೂಯಿ ಅವಳನ್ನು ಮದುವೆಯಾದ, ಅದಕ್ಕಾಗಿ ಇಪ್ಪತ್ತೆರಡು ವರ್ಷದ ಹಿಂದೆ ಕೈಹಿಡಿದಿದ್ದ ಜೀನ್ ಎಂಬ ಹೆಂಡತಿಯನ್ನು ಬಿಟ್ಟು. ಅಂಗವೈಕಲ್ಯವಿದ್ದ ಆ ರಾಜಕುಮಾರಿಯ ದೇಹದ ಬಗ್ಗೆ ವಿಚಾರಣೆಯಲ್ಲಿ ಸಾರ್ವಜನಿಕವಾಗಿ ಮಾತಾಡಿದರು. ಆಕೆ ಬೂರ್ಜ್‌ಗೆ ಹೋಗಿ ಸನ್ಯಾಸಿನಿಯರ ಪಂಥ ಕಟ್ಟಿದಳು. 1950ರಲ್ಲಿ ಚರ್ಚ್ ಅವಳನ್ನು ಸಂತಳೆಂದು ಸಾರಿತು.

ಎರಡನೇ ಮದುವೆಯ ಹೊತ್ತಿಗೆ ಆ್ಯನ್ ಪಳಗಿದ್ದಳು. ಬ್ರಿಟನಿಯ ಆಡಳಿತ ತನ್ನ ಕೈಯಲ್ಲೇ ಇರಬೇಕೆಂದು ಕರಾರು ಬರೆಸಿಕೊಂಡಳು. ಇಬ್ಬರು ಗಂಡಂದಿರಿಂದ ಹತ್ತಕ್ಕೂ ಹೆಚ್ಚು ಬಾರಿ ಬಸುರಾಗಿ ಉಳಿದವರು ಇಬ್ಬರೇ ಹೆಣ್ಣುಮಕ್ಕಳು. 1514ರಲ್ಲಿ ಸತ್ತಾಗ ದೇಹವನ್ನು ದೊರೆಗಳ ಸಮಾಧಿ ಇರುವ ಸೇಂಟ್ ಡೆನಿಗೆ ಕೊಂಡೊಯ್ದರು. ಹೃದಯವನ್ನು ಮಾತ್ರ ಚಿನ್ನದ ಕರಡಿಗೆಯಲ್ಲಿಟ್ಟು ಅವಳ ಊರಾದ ನಾಂಟ್‌ಗೆ ಕಳಿಸಿದರು. ಆ ಕರಡಿಗೆ ಈಗಲೂ ಇದೆ. 2018ರಲ್ಲಿ ವಸ್ತುಸಂಗ್ರಹಾಲಯದಿಂದ ಕಳುವಾಗಿ ಕೆಲವೇ ದಿನಗಳಲ್ಲಿ ಸಿಕ್ಕಿತು. ಮಗಳು ಕ್ಲೋಡ್ ಮೊದಲನೇ ಫ್ರಾನ್ಸಿಸ್‌ನ ರಾಣಿಯಾದಳು, 1532ರಲ್ಲಿ ಬ್ರಿಟನಿ ಫ್ರಾನ್ಸಿನಲ್ಲಿ ಸೇರಿಹೋಯಿತು. ಫ್ರೆಂಚರು ಒಂದು ಜಾತಿಯ ಹಸಿರು ಪ್ಲಮ್ ಹಣ್ಣನ್ನು ಇವತ್ತಿಗೂ ರಾಣಿ ಕ್ಲೋಡ್ ಹೆಸರಿನಿಂದಲೇ ಕೊಳ್ಳುತ್ತಾರೆ.

ಕಪ್ಪು ಬಟ್ಟೆಯ ರಾಣಿ

ಕ್ಯಾಥರೀನ್ ದ ಮೆಡಿಚಿಯ ಬಗ್ಗೆ ಬರೆಯುವುದು ಸುಲಭವಲ್ಲ. ನಾಲ್ಕು ಶತಮಾನಗಳಿಂದ ಅವಳನ್ನು ವಿಷಕನ್ಯೆಯಂತೆ ಚಿತ್ರಿಸಿ ಇಟ್ಟಿದ್ದಾರೆ. 1519ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿ ಕೆಲವೇ ವಾರಗಳಲ್ಲಿ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡವಳು. 1533ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಮಾರ್ಸೇ ಪಟ್ಟಣದಲ್ಲಿ ತನ್ನ ವಯಸ್ಸಿನವನೇ ಆದ ರಾಜಕುಮಾರ ಹೆನ್ರಿಯ ಕೈಹಿಡಿದಳು. ಮದುವೆ ಕುದುರಿಸಿದ ಪೋಪ್ ಮರುವರ್ಷವೇ ಸತ್ತ, ಮಾತುಕೊಟ್ಟ ವರದಕ್ಷಿಣೆಯ ಬಹುಪಾಲು ಬರಲೇ ಇಲ್ಲ. ಹತ್ತು ವರ್ಷ ಮಕ್ಕಳಾಗಲಿಲ್ಲ. ಗಂಡನ ಮನಸ್ಸೋ ಅವನಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯಳಾದ ಡಯಾನ್ ದ ಪ್ವಾತಿಯೇ ಮೇಲೆ. ವರ್ತಕರ ಮನೆಯ ಬಂಜೆ ಎಂಬ ಚುಚ್ಚುಮಾತು ಕೇಳುತ್ತ ಕೇಳುತ್ತ ಆ ಹುಡುಗಿ ಬಾಯಿ ಮುಚ್ಚಿಕೊಂಡು ಆಸ್ಥಾನವನ್ನು ಕಲಿತಳು. 1544ರಲ್ಲಿ ಮೊದಲ ಮಗ ಹುಟ್ಟಿದ. ಅಲ್ಲಿಂದ ಹನ್ನೆರಡು ವರ್ಷದಲ್ಲಿ ಒಟ್ಟು ಹತ್ತು ಮಕ್ಕಳು.

1559ರ ಜೂನ್ 30ರಂದು, ಮಗಳ ಮದುವೆಯ ಸಂಭ್ರಮದ ಕುದುರೆ ಕಾಳಗದಲ್ಲಿ, ಎದುರಾಳಿಯ ಈಟಿಯ ಸೀಳು ಎರಡನೇ ಹೆನ್ರಿಯ ಕಣ್ಣಿಗೆ ಹೊಕ್ಕಿತು. ಹತ್ತು ದಿನ ನರಳಿ ಸತ್ತ. ಫ್ರಾನ್ಸಿನ ರಾಣಿಯರು ಶೋಕಕ್ಕೆ ಬಿಳಿ ಉಡುವ ರೂಢಿಯಿತ್ತು; ಕ್ಯಾಥರೀನ್ ಕಪ್ಪು ಉಟ್ಟಳು, ಮುಂದಿನ ಮೂವತ್ತು ವರ್ಷ ಹೆಚ್ಚುಕಡಿಮೆ ಅದನ್ನು ಬಿಡಲಿಲ್ಲ. ಹಿರಿಯ ಮಗ ಎರಡನೇ ಫ್ರಾನ್ಸಿಸ್ ಹದಿನೇಳು ತಿಂಗಳು ಆಳಿ ಸತ್ತ. ಅವನ ಹೆಂಡತಿ ಸ್ಕಾಟ್ಲೆಂಡಿನ ಮೇರಿ ತನ್ನ ನಾಡಿಗೆ ಮರಳಿದಳು. ಎರಡನೆಯವನಾದ ಒಂಬತ್ತನೇ ಚಾರ್ಲ್ಸ್‌ಗೆ ಹತ್ತು ವರ್ಷ. ರಾಜ್ಯ ಈಗ ಕ್ಯಾಥರೀನ್ ಕೈಗೆ ಬಂತು, ಕ್ಯಾಥಲಿಕರೂ ಪ್ರಾಟೆಸ್ಟೆಂಟರೂ ಒಬ್ಬರನ್ನೊಬ್ಬರು ಕೊಲ್ಲಲು ಸಜ್ಜಾಗಿದ್ದ ಹೊತ್ತಿನಲ್ಲಿ.

ಮೊದಲು ಅವಳು ಮಾಡಿದ್ದು ಎರಡೂ ಕಡೆಯ ಪಂಡಿತರನ್ನು ಒಂದೇ ಸಭೆಯಲ್ಲಿ ಕೂರಿಸಿದ್ದು. 1562ರ ಜನವರಿಯ ಶಾಸನ ಪ್ರಾಟೆಸ್ಟೆಂಟರಿಗೆ ಊರ ಹೊರಗೆ ಪ್ರಾರ್ಥನೆ ಮಾಡಲು ಅನುಮತಿ ಕೊಟ್ಟಿತು. ಆ ಕಾಲದ ಯೂರೋಪಿನಲ್ಲಿ ಇದು ಬಹಳ ಮುಂದಿನ ಮಾತು. ಎರಡು ತಿಂಗಳೂ ತುಂಬುವ ಮೊದಲು ವಾಸಿ ಎಂಬಲ್ಲಿ ಗೀಸ್ ಮನೆತನದ ಸೈನಿಕರು ಪ್ರಾರ್ಥನೆಗೆ ಸೇರಿದ್ದವರನ್ನು ಕೊಂದರು, ಯುದ್ಧ ಹೊತ್ತಿಕೊಂಡಿತು. ಕ್ಯಾಥರೀನ್ ಸಂಧಿ ಮಾಡಿಸಿದಳು, ಮುರಿಯಿತು, ಮತ್ತೆ ಮಾಡಿಸಿದಳು. 1564ರಿಂದ 1566ರವರೆಗೆ ಎಳೆಯ ದೊರೆಯನ್ನು ಕರೆದುಕೊಂಡು ಸಾವಿರಾರು ಜನರ ಪರಿವಾರದೊಂದಿಗೆ ಇಡೀ ರಾಜ್ಯ ಸುತ್ತಿದಳು, ಜನ ತಮ್ಮ ದೊರೆಯನ್ನು ಕಣ್ಣಾರೆ ನೋಡಲಿ ಎಂದು.

ಆಮೇಲೆ 1572ರ ಆಗಸ್ಟ್. ಮಗಳು ಮಾರ್ಗರೆಟ್‌ಳನ್ನು ಪ್ರಾಟೆಸ್ಟೆಂಟ್ ನಾಯಕ ನವಾರ್‌ನ ಹೆನ್ರಿಗೆ 18ರಂದು ಧಾರೆ ಎರೆದಳು. ಮದುವೆಗೆಂದು ಪ್ರಾಟೆಸ್ಟೆಂಟ್ ಗಣ್ಯರೆಲ್ಲ ಪ್ಯಾರಿಸ್‌ನಲ್ಲಿ ನೆರೆದಿದ್ದರು. 22ರಂದು ಅವರ ಸೇನಾನಿ ಕೊಲಿನ್ಯಿಗೆ ಗುಂಡು ಬಿತ್ತು. 24ರ ನಸುಕಿನಲ್ಲಿ ಹತ್ಯಾಕಾಂಡ ಶುರುವಾಯಿತು. ಸಾವಿರಾರು ಜನ ಸತ್ತರು, ಸೆನ್ ನದಿಯಲ್ಲಿ ಹೆಣ ತೇಲಿದವು. ಅರಮನೆಯಲ್ಲಿ ನಾಯಕರನ್ನು ಮುಗಿಸುವ ತೀರ್ಮಾನವಾದಾಗ ಕ್ಯಾಥರೀನ್ ಆ ಸಭೆಯಲ್ಲಿದ್ದಳು. ಬೀದಿಯ ಕಗ್ಗೊಲೆ ಅವಳ ಹಿಡಿತ ಮೀರಿ ಹೋಯಿತು ಎಂದು ಅವಳ ಪರ ವಾದಿಸುವ ಇತಿಹಾಸಕಾರರಿದ್ದಾರೆ. ಆ ರಕ್ತದಲ್ಲಿ ಅವಳ ಪಾಲು ಇದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದೇ ಸಭೆಯಲ್ಲಿದ್ದ ಗಂಡಸರ ಹೆಸರುಗಳು ಮರೆತುಹೋಗಿ, ಇಟಲಿಯಿಂದ ಬಂದ ಹೆಂಗಸಿನ ಹೆಸರೊಂದೇ ಉಳಿದದ್ದು ಅನ್ಯಾಯ. ಹತ್ಯಾಕಾಂಡಕ್ಕೆ ಮೊದಲಿನ ಹನ್ನೆರಡು ವರ್ಷ ಅವಳು ಮಾಡಿದ ಸಂಧಾನಗಳೂ, ಎಪ್ಪತ್ತರ ಹತ್ತಿರ ಬಂದರೂ ಸಂಧಿವಾತದ ಕಾಲುಗಳನ್ನು ಎಳೆದುಕೊಂಡು ಊರೂರು ತಿರುಗಿ ನಡೆಸಿದ ಮಾತುಕತೆಗಳೂ ಲೆಕ್ಕಕ್ಕೆ ಬರಬೇಕು. 1589ರ ಜನವರಿಯಲ್ಲಿ ಬ್ಲ್ವಾ ಕೋಟೆಯಲ್ಲಿ ಅವಳು ಸತ್ತಳು. ಅದೇ ವರ್ಷದ ಆಗಸ್ಟ್‌ನಲ್ಲಿ ಅವಳ ಮಗ, ದೊರೆ ಮೂರನೇ ಹೆನ್ರಿಯ ಕೊಲೆಯಾಗಿ ವಾಲ್ವಾ ವಂಶ ಮುಗಿಯಿತು.

ಕ್ಯಾಥರೀನಳ ಮನೆತನದ ಇನ್ನೊಬ್ಬಳು, ಮಾರಿ ದ ಮೆಡಿಚಿ, 1610ರ ಮೇ 13ರಂದು ಕಿರೀಟ ತೊಟ್ಟಳು. ಮರುದಿನ ಅವಳ ಗಂಡ ನಾಲ್ಕನೇ ಹೆನ್ರಿಯನ್ನು ಪ್ಯಾರಿಸ್‌ನ ಇಕ್ಕಟ್ಟು ಬೀದಿಯಲ್ಲಿ ಇರಿದು ಕೊಂದರು. ಅವಳ ಆಳ್ವಿಕೆ ಕ್ಯಾಥರೀನಳ ಮಟ್ಟಕ್ಕೆ ಏರಲಿಲ್ಲ. ಕೊನೆಗೆ ಸ್ವಂತ ಮಗನೊಂದಿಗೇ ಜಗಳವಾಗಿ, ದೇಶ ಬಿಟ್ಟು, 1642ರಲ್ಲಿ ಕೊಲೋನ್‌ನಲ್ಲಿ ಬಡತನದಲ್ಲಿ ಸತ್ತಳು. ಅವಳು ಕಟ್ಟಿಸಿದ ಲಕ್ಸಂಬರ್ಗ್ ಅರಮನೆಯಲ್ಲಿ ಇವತ್ತು ಫ್ರಾನ್ಸಿನ ಸೆನೆಟ್ ಕೂಡುತ್ತದೆ.

ಗಡಿಯ ನಡುಗಡ್ಡೆ

ಫ್ರಾನ್ಸಿಗೂ ಸ್ಪೇನಿಗೂ ನಡುವೆ ಬಿದಾಸೋವಾ ನದಿ ಹರಿಯುತ್ತದೆ. 1615ರ ನವೆಂಬರ್ 9ರಂದು ಅದರ ಮೇಲೆ ಇಬ್ಬರು ಹುಡುಗಿಯರ ವಿನಿಮಯ ನಡೆಯಿತು. ಸ್ಪೇನಿನ ಆ್ಯನ್ ಹದಿಮೂರನೇ ಲೂಯಿಯ ರಾಣಿಯಾಗಲು ಈಚೆಗೆ ಬಂದಳು, ಅವನ ತಂಗಿ ಎಲಿಜಬೆತ್ ಸ್ಪೇನಿನ ಯುವರಾಜನ ಮನೆ ತುಂಬಲು ಆಚೆಗೆ ಹೋದಳು. ಆ್ಯನ್‌ಗೆ ಹದಿನಾಲ್ಕು ವರ್ಷ. ಮುಂದಿನ ಇಪ್ಪತ್ತಮೂರು ವರ್ಷ ಅವಳಿಗೆ ಬದುಕುಳಿದ ಮಗು ಹುಟ್ಟಲಿಲ್ಲ. ಗಂಡ ಮುಖ ತಿರುಗಿಸಿದ. ಎರಡೂ ದೇಶಗಳ ನಡುವೆ ಯುದ್ಧ ನಡೆಯುತ್ತಿದ್ದಾಗಲೇ ಸ್ಪೇನಿನ ದೊರೆಯಾಗಿದ್ದ ತಮ್ಮನಿಗೆ ಗುಟ್ಟಾಗಿ ಪತ್ರ ಬರೆದದ್ದು 1637ರಲ್ಲಿ ಬಯಲಾಗಿ, ಗಂಡನ ಮಂತ್ರಿ ಕಾರ್ಡಿನಲ್ ರಿಶೆಲ್ಯೂ ಮುಂದೆ ತಪ್ಪೊಪ್ಪಿಗೆ ಬರೆದುಕೊಡಬೇಕಾಯಿತು. ರಾಣಿಯನ್ನು ತವರಿಗೆ ಅಟ್ಟುತ್ತಾರೆ ಎಂದೇ ಜನ ಭಾವಿಸಿದರು. ಮರುವರ್ಷ ಸೆಪ್ಟೆಂಬರ್ 5ರಂದು ಹುಟ್ಟಿದವನು ಹದಿನಾಲ್ಕನೇ ಲೂಯಿ. ದೇವರು ಕೊಟ್ಟವನು ಎಂದೇ ಅವನಿಗೆ ಹೆಸರು ಸೇರಿಸಿದರು.

1643ರ ಮೇ 14ರಂದು ದೊರೆ ಸತ್ತಾಗ ಮಗನಿಗೆ ಐದೂ ತುಂಬಿರಲಿಲ್ಲ. ಹೆಂಡತಿಯನ್ನು ನಂಬದ ದೊರೆ ಅವಳ ಕೈ ಕಟ್ಟಿಹಾಕಲು ಉಯಿಲು ಬರೆದಿಟ್ಟಿದ್ದ. ನಾಲ್ಕೇ ದಿನದಲ್ಲಿ ಆ್ಯನ್ ಪ್ಯಾರಿಸ್‌ನ ಉಚ್ಚ ನ್ಯಾಯಸಭೆಯಿಂದ ಆ ಉಯಿಲನ್ನು ತೆಗೆಸಿಹಾಕಿ ಪೂರ್ಣಾಧಿಕಾರ ಪಡೆದಳು. ಸ್ಪೇನಿನವಳು ಸ್ಪೇನಿಗೆ ಸೋಲೊಪ್ಪಿಸುತ್ತಾಳೆ ಎಂದುಕೊಂಡವರು ದಂಗಾದರು. ಹೆತ್ತ ಮಗನ ರಾಜ್ಯಕ್ಕಾಗಿ ಆಕೆ ಒಡಹುಟ್ಟಿದ ತಮ್ಮನ ಮೇಲೆ ಇನ್ನೂ ಹದಿನಾರು ವರ್ಷ ಯುದ್ಧ ನಡೆಸಿದಳು.

1648ರಲ್ಲಿ ಫ್ರೋಂಡ್ ದಂಗೆ ಎದ್ದಿತು. ಮೊದಲು ತೆರಿಗೆಯ ವಿರುದ್ಧ ನ್ಯಾಯಾಧೀಶರು ಎದ್ದರು, ಆಮೇಲೆ ರಾಜವಂಶದವರೇ. 1649ರ ಜನವರಿಯ ಚಳಿಯ ರಾತ್ರಿ ಆ್ಯನ್ ಮಕ್ಕಳನ್ನು ಎತ್ತಿಕೊಂಡು ಪ್ಯಾರಿಸ್ ಬಿಟ್ಟು ಓಡಿದಳು. ಹೋಗಿ ಸೇರಿದ ಸಾಂ ಜೆರ್ಮೇನ್ ಅರಮನೆಯಲ್ಲಿ ಮಂಚಗಳೂ ಇರಲಿಲ್ಲ, ಹುಲ್ಲಿನ ಮೇಲೆ ಮಲಗಿದರು. 1651ರ ಫೆಬ್ರವರಿಯಲ್ಲಿ ಅವಳು ಮತ್ತೆ ಓಡಿಹೋಗುತ್ತಾಳೆ ಎಂಬ ಗುಲ್ಲೆದ್ದು ಜನ ಅರಮನೆಗೆ ನುಗ್ಗಿದರು. ಆ ಗುಲ್ಲು ನಿಜವೇ ಆಗಿತ್ತು. ಹನ್ನೆರಡು ವರ್ಷದ ದೊರೆ ಹೊರಡಲು ಬಟ್ಟೆ ತೊಟ್ಟು ಸಿದ್ಧನಾಗಿದ್ದ. ಆ್ಯನ್ ಅವನನ್ನು ಬಟ್ಟೆಯ ಸಮೇತ ಹೊದಿಕೆಯೊಳಗೆ ಮಲಗಿಸಿ ಬಾಗಿಲು ತೆರೆಸಿದಳು. ಬೀದಿಯ ಜನ ಒಬ್ಬರ ಹಿಂದೊಬ್ಬರು ಬಂದು, ಕಣ್ಣು ಮುಚ್ಚಿ ಮಲಗಿದ ಹುಡುಗನನ್ನು ನೋಡಿ, ದನಿ ತಗ್ಗಿಸಿ ಹರಸಿ ಹೋದರು. ದೊರೆಯ ಚಿಕ್ಕಪ್ಪ ಗಾಸ್ತೋನ್ ಆಗ ದಂಗೆಕೋರರ ಪಕ್ಷದಲ್ಲಿದ್ದ. ದಾಯಾದಿ ಕೊಂಡೆ, ಫ್ರಾನ್ಸಿನ ಮಹಾ ಸೇನಾನಿ, ಮುಂದೆ ಸ್ಪೇನಿನ ಸೇನೆಯನ್ನೇ ಸೇರಿದ. ಕೊನೆಯತನಕ ಎಳೆಯ ದೊರೆಯ ಜೊತೆ ನಿಂತವರು ಸ್ಪೇನಿನ ತಾಯಿ, ಇಟಲಿಯಿಂದ ಬಂದ ಮಂತ್ರಿ ಮಾಜಾರೆ. ಚಿಕ್ಕಪ್ಪ ಮತ್ತು ತಾಯಿಯ ನಡುವಿನ ಆ ಹಳೆಯ ಲೆಕ್ಕ ಎಷ್ಟು ನಿಜವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1659ರಲ್ಲಿ ಅದೇ ಬಿದಾಸೋವಾ ನದಿಯ ಫೆಸೆಂಟ್ ನಡುಗಡ್ಡೆಯಲ್ಲಿ ಸಂಧಿಯಾಯಿತು. ಮರುವರ್ಷ ಆ್ಯನ್ ತನ್ನ ತಮ್ಮನ ಮಗಳು ಮರಿಯಾ ತೆರೇಸಾಳನ್ನು ಸೊಸೆಯಾಗಿ ತಂದುಕೊಳ್ಳುವಾಗ ಅಕ್ಕ ತಮ್ಮ ಅಲ್ಲಿ ಭೇಟಿಯಾದರು, ನಲವತ್ತೈದು ವರ್ಷಗಳ ಮೇಲೆ. ಆ ಪುಟ್ಟ ನಡುಗಡ್ಡೆ ಈಗಲೂ ಆರು ತಿಂಗಳು ಸ್ಪೇನಿನದು, ಆರು ತಿಂಗಳು ಫ್ರಾನ್ಸಿನದು.

ಕೊನೆಯ ಪಾಳಿ

ಮರಿಯಾ ತೆರೇಸಾಳಿಗೂ ಅವಳ ನಂತರದ ರಾಣಿಗೂ ರಾಜ್ಯದಲ್ಲಿ ಹೆಚ್ಚಿನ ಪಾಲು ಸಿಗಲಿಲ್ಲ. ಹದಿನೈದನೇ ಲೂಯಿಗೆಂದು ಕರೆತಂದ ಸ್ಪೇನಿನ ಪುಟ್ಟ ರಾಜಕುಮಾರಿ ಏಳು ವರ್ಷದವಳಾಗಿದ್ದಾಗ, ಹೆರುವ ವಯಸ್ಸು ದೂರವಿದೆಯೆಂದು 1725ರಲ್ಲಿ ತವರಿಗೆ ವಾಪಸು ಕಳಿಸಿದರು. ಅವಳ ಬದಲಿಗೆ ಬಂದ ಮಾರಿ ಲೆಶ್ಚಿನ್ಸ್ಕಾ ಪದಚ್ಯುತ ಪೋಲಿಷ್ ದೊರೆಯ ಮಗಳು. ಹತ್ತು ವರ್ಷದಲ್ಲಿ ಹತ್ತು ಮಕ್ಕಳನ್ನು ಹೆತ್ತು, ನಲವತ್ತಮೂರು ವರ್ಷ ಸದ್ದಿಲ್ಲದೆ ರಾಣಿಯಾಗಿದ್ದಳು. ಅಷ್ಟು ದೀರ್ಘಕಾಲ ಆ ಸ್ಥಾನದಲ್ಲಿ ಇದ್ದವರು ಮತ್ತೊಬ್ಬರಿಲ್ಲ.

ಮಾರಿ ಆಂಟೊನೆಟ್ ಕಥೆ ಎಲ್ಲರಿಗೂ ಗೊತ್ತು, ಹೆಚ್ಚಿನದು ತಪ್ಪಾಗಿ ಗೊತ್ತು. ರೊಟ್ಟಿಯಿಲ್ಲದಿದ್ದರೆ ಕೇಕ್ ತಿನ್ನಲಿ ಎಂಬ ಮಾತು ಅವಳದಲ್ಲ. ರೂಸೋ ತನ್ನ ಆತ್ಮಕಥೆಯಲ್ಲಿ ಹೆಸರಿಲ್ಲದ ರಾಜಕುಮಾರಿಯೊಬ್ಬಳ ಬಾಯಲ್ಲಿ ಆ ಮಾತನ್ನು ಬರೆಯುವಾಗ ಅವಳಿನ್ನೂ ಆಸ್ಟ್ರಿಯಾದಲ್ಲಿದ್ದ ಹುಡುಗಿ. 1770ರ ಮೇ 7ರಂದು ರೈನ್ ನದಿಯ ನಡುಗಡ್ಡೆಯೊಂದರಲ್ಲಿ ಹದಿನಾಲ್ಕು ವರ್ಷದ ಅವಳನ್ನು ಫ್ರೆಂಚರಿಗೆ ಒಪ್ಪಿಸಿದರು. ಅದಕ್ಕೆಂದು ಕಟ್ಟಿದ್ದ ಮಂಟಪದ ಗೋಡೆಗೆ ಹಾಕಿದ್ದ ಚಿತ್ರಗಂಬಳಿಯಲ್ಲಿ ಜೇಸನ್ ಮತ್ತು ಮೆಡೀಯಾರ ಕಥೆ ನೇಯ್ದಿತ್ತು. ಗಂಡ ಕೈಬಿಟ್ಟಾಗ ಮಕ್ಕಳನ್ನೇ ಕೊಂದ ಹೆಂಗಸಿನ ಕಥೆಯನ್ನು ಮದುಮಗಳ ಎದುರಿಗೆ ತೂಗುಹಾಕುವುದೇ ಎಂದು, ಆಗ ಸ್ಟ್ರಾಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಕವಿ ಗಯಟೆ ಸಿಡಿಮಿಡಿಗೊಂಡ.

1788ರಲ್ಲಿ ಅವಳ ಅರಮನೆಗೆ ನಮ್ಮ ಶ್ರೀರಂಗಪಟ್ಟಣದಿಂದ ಮೂವರು ಬಂದರು. ಟಿಪ್ಪು ಸುಲ್ತಾನ ಕಳಿಸಿದ ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಅವಳ ಗಂಡ ಹದಿನಾರನೇ ಲೂಯಿ ಅವರಿಗೆ ದರ್ಶನ ಕೊಟ್ಟ. ಇಂಗ್ಲಿಷರ ವಿರುದ್ಧ ಸೇನೆಯ ನೆರವು ಸಿಗಲಿಲ್ಲ, ಸೆವ್ರ್ ಪಿಂಗಾಣಿಯಂಥ ಉಡುಗೊರೆಗಳು ಸಿಕ್ಕವು. ರಾಣಿಯ ಮೆಚ್ಚಿನ ಚಿತ್ರಕಾರ್ತಿ ವಿಜೇ ಲ ಬ್ರನ್ ಇವರನ್ನು ನೋಡಿ ಚಿತ್ರ ಬರೆಯಲು ಹಂಬಲಿಸಿದಳು. ದೊರೆಯೇ ಕೇಳಿದರೆ ಮಾತ್ರ ಎಂದರು ರಾಯಭಾರಿಗಳು. ದೊರೆಯ ಕಡೆಯಿಂದ ಕೇಳಿಸಿದಳು. ರಾಣಿಯ ಹೆಸರಾಂತ ಚಿತ್ರಗಳನ್ನು ಬರೆದ ಅದೇ ಕೈ, ಬಿಳಿ ಹೂವಿನ ನಿಲುವಂಗಿ ತೊಟ್ಟು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆಯಿತು. ಆ ಚಿತ್ರ 2019ರಲ್ಲಿ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಆ ದರ್ಶನ ನಡೆದು ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಆಗಸ್ಟ್ 10ರಂದು, ಜನ ಟುಯಿಲೆರಿ ಅರಮನೆಗೆ ನುಗ್ಗಿ ರಾಜತ್ವವನ್ನೇ ಕೆಡವಿದರು.

ವಿಚಾರಣೆಯಲ್ಲಿ ರಾಣಿಯ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಎಂಟು ವರ್ಷದ ಮಗನೊಂದಿಗೆ ಕೆಟ್ಟದಾಗಿ ನಡೆದುಕೊಂಡಳೆಂಬುದು. ಆ ಮಗುವಿನಿಂದಲೇ ಅದಕ್ಕೆ ಸಹಿ ಹಾಕಿಸಿದ್ದರು. ಅವಳು ಉತ್ತರ ಕೊಡದೆ, ಅಲ್ಲಿ ಕೂತಿದ್ದ ತಾಯಂದಿರ ಕಡೆ ತಿರುಗಿ ಅವರ ನ್ಯಾಯ ಕೇಳಿದಳು. 1793ರ ಅಕ್ಟೋಬರ್ 16ರಂದು ತಲೆ ಕಡಿದರು. ಅವಳಿಗಾಗ 37 ವರ್ಷ.

ಆದರೆ ನನ್ನ ಎಳೆಗೆ ಮುಖ್ಯವಾದದ್ದು ಅದಕ್ಕೆ ಎರಡು ವರ್ಷ ಮೊದಲು ನಡೆದಿತ್ತು. 1791ರ ಸಂವಿಧಾನ, ಹೆಂಗಸರು ರೀಜೆಂಟ್ ಆಗಕೂಡದು ಎಂದು ಕಪ್ಪು ಬಿಳುಪಿನಲ್ಲಿ ಬರೆಯಿತು. ಬ್ಲಾಂಶ್ ಕಾಲದಿಂದ ತೆರೆದಿದ್ದ ಒಂದೇ ಬಾಗಿಲನ್ನು, ಸಮಾನತೆಯ ಹೆಸರಿನಲ್ಲಿ ಬಂದ ಕ್ರಾಂತಿಯೇ ಮುಚ್ಚಿತು. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ನೆಪೋಲಿಯನ್ ಆ ಬಾಗಿಲನ್ನು ತನ್ನ ಅನುಕೂಲಕ್ಕೆ ಮತ್ತೆ ತೆರೆದ. ಅವನ ಮೊದಲ ಹೆಂಡತಿ ಜೋಸೆಫಿನ್, ಮಾರ್ಟಿನೀಕ್ ದ್ವೀಪದ ಕಬ್ಬಿನ ತೋಟದವಳು, 1804ರ ಡಿಸೆಂಬರ್ 2ರಂದು ಅವನ ಕೈಯಿಂದಲೇ ಕಿರೀಟ ತೊಟ್ಟು ಸಾಮ್ರಾಜ್ಞಿಯಾದಳು. ಮಗು ಕೊಡಲಿಲ್ಲವೆಂದು 1809ರಲ್ಲಿ ಅವಳನ್ನು ಬಿಟ್ಟ. ಗುಲಾಮರ ದುಡಿಮೆಯಿಂದ ಬಾಳಿದ ಮನೆತನ ಅವಳದು, 1802ರಲ್ಲಿ ಗುಲಾಮಗಿರಿಯನ್ನು ಮರಳಿ ತಂದವನು ಅವಳ ಗಂಡ. ಮಾರ್ಟಿನೀಕ್‌ನ ಜನ ಅದನ್ನು ಮರೆಯಲಿಲ್ಲ. 1991ರಲ್ಲಿ ಅಲ್ಲಿನ ಅವಳ ಪ್ರತಿಮೆಯ ತಲೆ ಕಡಿದರು, 2020ರಲ್ಲಿ ಪ್ರತಿಮೆಯನ್ನೇ ಉರುಳಿಸಿದರು. ಎರಡನೇ ಹೆಂಡತಿ ಮಾರಿ ಲೂಯಿಸ್, ಮಾರಿ ಆಂಟೊನೆಟ್‌ಳ ಅಣ್ಣನ ಮೊಮ್ಮಗಳು. 1813ರಲ್ಲಿ ಹೊಸ ಶಾಸನ ಹೊರಡಿಸಿ ನೆಪೋಲಿಯನ್ ಇಪ್ಪತ್ತೊಂದು ವರ್ಷದ ಅವಳನ್ನೇ ರೀಜೆಂಟ್ ಮಾಡಿ ಯುದ್ಧಕ್ಕೆ ಹೋದ. ಅವನ ಅಣ್ಣ ತಮ್ಮಂದಿರು ಇದ್ದರು. ಆದರೂ ಅವನು ನಂಬಿದ್ದು ತನ್ನ ಮಗನ ತಾಯಿಯನ್ನು.

ಕೊನೆಯವಳು ಯೂಜೀನಿ, 1826ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಹುಟ್ಟಿದವಳು, 1853ರಿಂದ ಮೂರನೇ ನೆಪೋಲಿಯನ್‌ನ ಹೆಂಡತಿ. 1859, 1865, 1870ರಲ್ಲಿ ಮೂರು ಬಾರಿ ಗಂಡನ ಪರವಾಗಿ ರಾಜ್ಯ ನೋಡಿಕೊಂಡಳು. 1865ರಲ್ಲಿ ಆ ಅಧಿಕಾರ ಕೈಯಲ್ಲಿದ್ದಾಗಲೇ ಚಿತ್ರಕಾರ್ತಿ ರೋಸಾ ಬಾನರ್ ಮನೆಗೆ ತಾನೇ ಹೋಗಿ ಲೀಜನ್ ಆಫ್ ಆನರ್ ಪದಕ ತೊಡಿಸಿದಳು. ಆ ಗೌರವ ಪಡೆದ ಮೊದಲ ಕಲಾವಿದೆ ಬಾನರ್. 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಹಡಗುಗಳ ಸಾಲಿನ ಮುಂದೆ ಅವಳ ಹಡಗು ಸಾಗಿತು. 1870ರಲ್ಲಿ ಪ್ರಶ್ಯಾದ ಮೇಲಿನ ಯುದ್ಧಕ್ಕೆ ಅವಳೂ ಒತ್ತಾಯಿಸಿದವಳೇ. ಸೋಲುತ್ತಿದ್ದ ಗಂಡ ಪ್ಯಾರಿಸ್‌ಗೆ ಮರಳುವುದನ್ನು ಅವಳು ತಡೆದದ್ದು ದೊಡ್ಡ ತಪ್ಪಾಯಿತು. ಸೆಡಾನ್‌ನಲ್ಲಿ ಅವನು ಸೇನೆಯ ಸಮೇತ ಸೆರೆಸಿಕ್ಕ. ಸೆಪ್ಟೆಂಬರ್ 4ರಂದು ಜನ ಗಣರಾಜ್ಯ ಸಾರಿದರು. ಯೂಜೀನಿ ಅಮೆರಿಕದ ದಂತವೈದ್ಯ ಥಾಮಸ್ ಇವಾನ್ಸ್ ನೆರವಿನಿಂದ ಇಂಗ್ಲೆಂಡಿಗೆ ಪಾರಾದಳು. 1873ರಲ್ಲಿ ಗಂಡ ಹೋದ. 1879ರಲ್ಲಿ ಒಬ್ಬನೇ ಮಗ ಬ್ರಿಟಿಷ್ ಸೇನೆಯ ಜೊತೆ ಹೋಗಿ ಝುಲು ಯುದ್ಧದಲ್ಲಿ ಸತ್ತ.

ಆದರೂ ಅವಳ ಕೈಯಲ್ಲಿ ಒಂದು ಕೆಲಸ ಉಳಿದಿತ್ತು. ಅಧಿಕಾರ ಕಳೆದುಕೊಂಡ ಹೊಸತರಲ್ಲಿ ಅವಳು ಪ್ರಶ್ಯಾದ ದೊರೆ ವಿಲ್‌ಹೆಲ್ಮ್‌ಗೆ, ಅಲ್ಸಾಸ್ ಸೀಮೆಯನ್ನು ಫ್ರಾನ್ಸಿನಿಂದ ಕಿತ್ತುಕೊಳ್ಳಬೇಡ ಎಂದು ಪತ್ರ ಬರೆದಿದ್ದಳು. 1870ರ ಅಕ್ಟೋಬರ್‌ನಲ್ಲಿ ಅವನು ಉತ್ತರಿಸಿದ: ಆ ನೆಲ ಬೇಕಿರುವುದು ಮುಂದೆ ಫ್ರೆಂಚ್ ಸೇನೆಯನ್ನು ದೂರವಿಡುವ ಸಲುವಾಗಿ. ಅಲ್ಲಿನ ಜನ ಜರ್ಮನರು, ಅದಕ್ಕೇ ಆ ನೆಲ ನಮ್ಮದು ಎಂದು ಜರ್ಮನಿ ಮುಂದೆ ಹೇಳಿಕೊಂಡ ವಾದಕ್ಕೆ ಅವರ ದೊರೆಯ ಕೈಬರಹವೇ ಎದುರು ನಿಂತಿತ್ತು. ಯೂಜೀನಿ ಆ ಕಾಗದವನ್ನು ನಲವತ್ತೇಳು ವರ್ಷಕ್ಕೂ ಮೇಲೆ ಜೋಪಾನ ಮಾಡಿದಳು. ಮೊದಲ ಮಹಾಯುದ್ಧದ ಕೊನೆಗಾಲದಲ್ಲಿ, ತೊಂಬತ್ತು ದಾಟಿದ ಮೇಲೆ, ತನ್ನನ್ನು ಓಡಿಸಿದ ಗಣರಾಜ್ಯದ ಪ್ರಧಾನಿ ಕ್ಲೆಮೆನ್ಸೊಗೆ ಅದನ್ನು ತಲುಪಿಸಿದಳು. 1919ರ ಒಪ್ಪಂದದಲ್ಲಿ ಅಲ್ಸಾಸ್ ಫ್ರಾನ್ಸಿಗೆ ಮರಳಿತು. ಯೂಜೀನಿ ಅದನ್ನು ಕಂಡು, ಮರುವರ್ಷ ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡಳು.